ಅರ್ಧಕ್ಕೇ ನಿಲ್ಲುವ ಸರ್ಪ

ಡಿಸೆಂಬರ್ 5, 2024, ಗುರುವಾರ
ಸಾಗರ

ಔಷಧಿ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಹಳ್ಳಿಮನೆಯಿಂದ ಅಕ್ಕನ ಫೋನು. ಭಾವನಿಗೆ ಬೆನ್ನಿನ ಎಡಗಡೆ ಉರಿ, ನಡುನಡುವೆ ಚುಚ್ಚಿದ ಹಾಗೆ ನೋವು. ಕೊನೆಕೊಯ್ಲು ಜೋರಾಗಿ ನಡೆದಿದೆ, ಅಡಿಕೆ ಬೇಯಿಸುವ ಹಂಡೆ ಸರಿಸುವಾಗ ಉಳುಕಿತು ಅಂತ ಅವರೇ ತೀರ್ಮಾನ ಮಾಡಿ ನೋವಿನೆಣ್ಣೆ ತಿಕ್ಕಿಸಿಕೊಂಡಿದ್ದಾರೆ. "ಎಣ್ಣೆ ಹಚ್ಚಿದಷ್ಟೂ ಜಾಸ್ತಿ ಆಗುತ್ತೆ ಕಣೆ. ಬನಿಯನ್ ತಾಗಿದರೂ ತಡೆಯೋಕಾಗಲ್ಲ ಅಂತಾರೆ" ಎಂದರು ಅಕ್ಕ.

ಉಳುಕು ಬನಿಯನ್ನಿಗೆಲ್ಲ ಹೆದರುವುದಿಲ್ಲ. ಬೆನ್ನು ನೋಡಿ ಹೇಳಿ ಎಂದೆ. ಕೆಂಪು ಕೂಡ ಇಲ್ಲವಂತೆ. ಬೆಳಿಗ್ಗೆ ಸಂಜೆ ನೋಡುತ್ತಿರಿ, ಒಂದೇ ಒಂದು ಗುಳ್ಳೆ ಕಂಡರೂ ಆ ಹೊತ್ತಿಗೇ ಫೋನ್ ಮಾಡಿ ಎಂದೆ. ಏನು ಅನುಮಾನ ಎಂದು ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಆ ಹೆಸರು ಎತ್ತಿದರೆ ಡಾಕ್ಟರಿಗಿಂತ ಮೊದಲು ಜೋಯಿಸರು ಬರುತ್ತಾರೆ.

ಡಿಸೆಂಬರ್ 7, ಶನಿವಾರ

ಗುಳ್ಳೆ ಬಂತು. ಅದೂ ಚಂಪಾಷಷ್ಠಿಯ ದಿನವೇ! ಇನ್ನು ಕೇಳಬೇಕೆ. ಇವರು, ನಮ್ಮ ಯಜಮಾನರು, ಕಾರು ತೆಗೆದುಕೊಂಡು ಹೋಗುವಷ್ಟರಲ್ಲಿ ಜಗಲಿಯಲ್ಲಿ ಅರ್ಧ ಊರು ಸೇರಿತ್ತಂತೆ. ಸರ್ಪಸುತ್ತು ಎಂದು ಎಲ್ಲರಿಗೂ ಗೊತ್ತು. ಒಬ್ಬರು ಕೆಮ್ಮಣ್ಣು ಕಲಸಿ ತಂದಿದ್ದರು, ಇನ್ನೊಬ್ಬರು ನಾಟಿ ಪಂಡಿತರ ನಂಬರು ಹುಡುಕುತ್ತಿದ್ದರು, ಆಶ್ಲೇಷಾ ಬಲಿ ಎಲ್ಲಿ ಮಾಡಿಸುವುದು ಎಂಬ ಚರ್ಚೆ ಬೇರೆ. ಹೆಡೆಯೂ ಬಾಲವೂ ಕೂಡುವುದರೊಳಗೆ ಏನಾದರೂ ಮಾಡಬೇಕು ಎಂಬುದೊಂದರಲ್ಲಿ ಎಲ್ಲರದೂ ಒಂದೇ ಮಾತು.

ನಾನು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದು ಇಷ್ಟೇ: ಪೂಜೆಗೆ ಮುಂದಿನ ತಿಂಗಳೂ ದಿನ ಸಿಗುತ್ತದೆ, ಮಾತ್ರೆಗೆ ಮೂರೇ ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್‌ ತಡೆಯುವ ಮಾತ್ರೆ ಹೊಟ್ಟೆಗೆ ಬಿದ್ದರೆ ಅದರ ಪ್ರಯೋಜನ ಹೆಚ್ಚು. ಅಕ್ಕ ಒಂದೇ ಮಾತಿಗೆ ಒಪ್ಪಿ ಕೆಮ್ಮಣ್ಣಿನ ಬಟ್ಟಲನ್ನು ಒಳಗಿಟ್ಟರು.

ಸಂಜೆ ಡಾಕ್ಟರು ನೋಡಿದರು. ಕಿಡ್ನಿ ಹೇಗಿದೆ ಎಂದು ಕೇಳಿ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಆಮೇಲೆ ಬರೆದರು: ವ್ಯಾಲಸೈಕ್ಲೋವಿರ್ ಒಂದು ಗ್ರಾಂ, ದಿನಕ್ಕೆ ಮೂರು ಹೊತ್ತು, ಏಳು ದಿನ. ನೀರು ಚೆನ್ನಾಗಿ ಕುಡಿಯಬೇಕು. ಈ ಮಾತ್ರೆ ಕಿಡ್ನಿಯ ಮೂಲಕ ಹೊರಹೋಗುವುದರಿಂದ ವಯಸ್ಸಾದವರಲ್ಲಿ ಆ ಲೆಕ್ಕ ನೋಡದೆ ಕೊಡುವ ಹಾಗಿಲ್ಲ. ಹಳೆಯ ಎಸೈಕ್ಲೋವಿರ್ ಆಗಿದ್ದರೆ 800 ಮಿಲಿಗ್ರಾಂ ದಿನಕ್ಕೆ ಐದು ಸಲ ನುಂಗಬೇಕು. ಭಾವ ಐದು ಸಲದ ಮಾತ್ರೆ ನುಂಗುವ ಜೀವವಲ್ಲ. ವ್ಯಾಲಸೈಕ್ಲೋವಿರ್ ಬರೆದದ್ದೇ ಒಳ್ಳೆಯದಾಯಿತು.

ಡಿಸೆಂಬರ್ 8, ಭಾನುವಾರ

ಭಾವ ನಮ್ಮಲ್ಲೇ ಇದ್ದಾರೆ. ಬೆಳಿಗ್ಗೆ ಗಾಯ ಒರೆಸುವಾಗ ಸರಿಯಾಗಿ ನೋಡಿದೆ. ಎಡ ಹೆಗಲೆಲುಬಿನ ಕೆಳಗೆ, ಬೆನ್ನುಮೂಳೆಯ ಪಕ್ಕದಿಂದ ಶುರು. ಅಲ್ಲಿ ಕೆಂಪು ನೆಲದ ಮೇಲೆ ಸಾಬಕ್ಕಿ ಗಾತ್ರದ ಗುಳ್ಳೆಗಳು ಒತ್ತೊತ್ತಾಗಿವೆ, ಒಳಗೆ ತಿಳಿನೀರು. ಪಕ್ಕೆಯ ಮೇಲೆ ಒಂದು ಬೊಗಸೆಯಷ್ಟು ಜಾಗ ಬರಿ ಕೆಂಪು. ಕಂಕುಳ ಕೆಳಗೆ ಮತ್ತೆ ಗುಂಪು. ಮುಂದೆ ಎದೆಮೂಳೆಯವರೆಗೆ ಬಂದು ಗೆರೆ ಎಳೆದ ಹಾಗೆ ನಿಂತಿದೆ. ಬಲಗಡೆ ಒಂದು ಚುಕ್ಕಿಯೂ ಇಲ್ಲ.

"ಎಲ್ಲಿವರೆಗೆ ಬಂತು ನೋಡು, ಸುಳ್ಳು ಹೇಳಬೇಡ" ಎಂದರು ಭಾವ. ಎಪ್ಪತ್ತು ದಾಟಿದ ಗಂಡಸು, ಕಾಡುಹಂದಿಗೂ ಹೆದರಿದವರಲ್ಲ. ಅವರ ದನಿಯಲ್ಲಿ ಹೆದರಿಕೆಯಿತ್ತು. ಅವರ ಅಜ್ಜಿಗೆ ಹೀಗೇ ಆಗಿತ್ತಂತೆ, ಸುತ್ತು ಪೂರ್ತಿಯಾದರೆ ಉಳಿಯುವುದಿಲ್ಲ ಎಂದು ಚಿಕ್ಕವರಿದ್ದಾಗ ಕೇಳಿದ್ದಾರೆ.

ಕನ್ನಡಿ ಹಿಡಿದು ತೋರಿಸಿದೆ. ಬೆನ್ನುಹುರಿಯಿಂದ ಚರ್ಮಕ್ಕೆ ನರಗಳು ಜೋಡಿಜೋಡಿಯಾಗಿ ಹೊರಡುತ್ತವೆ. ಎಡದ್ದು ಎಡ ಅರ್ಧಕ್ಕೆ, ಬಲದ್ದು ಬಲ ಅರ್ಧಕ್ಕೆ. ಒಂದು ಪಕ್ಕೆಲುಬಿನ ಗುಂಟ ಹೋಗುವ ನರ ಎದೆಯ ನಡುವಿಗೆ ಬಂದಾಗ ಅದರ ಸರಹದ್ದು ಮುಗಿಯಿತು. ಕಾಯಿಲೆ ಹಿಡಿದಿರುವುದು ಆ ಒಂದು ನರವನ್ನು. ಆದ್ದರಿಂದ ಈ ಸರ್ಪ ಅರ್ಧ ಸುತ್ತಿಗೇ ನಿಲ್ಲಬೇಕು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ, ಕ್ಯಾನ್ಸರಿಗೆ ಔಷಧಿ ಪಡೆಯುವವರಲ್ಲಿ, ಗುಳ್ಳೆ ಮೈತುಂಬ ಹರಡುವುದುಂಟು. ಅದು ಆಸ್ಪತ್ರೆಗೆ ಸೇರಿಸುವ ಮಾತು. ಭಾವನದು ಅದಲ್ಲ. ಕೇಳಿ ಸ್ವಲ್ಪ ಸಮಾಧಾನವಾದ ಹಾಗಿತ್ತು. ಆಮೇಲೆ "ಹೆಡೆ ಯಾವ ಕಡೆ ಇದೆ?" ಎಂದು ಕೇಳಿದರು.

ಡಿಸೆಂಬರ್ 10, ಮಂಗಳವಾರ

ಅಕ್ಕನಿಗೆ ಬೇರೆಯೇ ಚಿಂತೆ. ಮಗಳು ಏಳು ತಿಂಗಳ ಬಸುರಿ, ಈ ವಾರ ಹೆರಿಗೆಗೆ ತವರಿಗೆ ಬರಬೇಕು. ಸರ್ಪಸುತ್ತು ಅಂಟುತ್ತದೆಯೇ?

ಸರ್ಪಸುತ್ತು ಸರ್ಪಸುತ್ತಾಗಿ ಯಾರಿಗೂ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿರುವುದು ಅಮ್ಮ ಆಗುತ್ತದಲ್ಲ, ಆ ಚಿಕನ್ ಪಾಕ್ಸಿನದೇ ವೈರಸ್. ಇದುವರೆಗೆ ಚಿಕನ್ ಪಾಕ್ಸ್ ಆಗದವರು, ಲಸಿಕೆಯನ್ನೂ ಹಾಕಿಸಿಕೊಳ್ಳದವರು ಅದನ್ನು ಮುಟ್ಟಿದರೆ ಅವರಿಗೆ ಚಿಕನ್ ಪಾಕ್ಸ್ ಬರಬಹುದು. ಬಸುರಿಯರಿಗೆ ಅದು ಅಪಾಯ. ಚಳಿ ದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಚಿಕ್ಕಂದಿನಲ್ಲೇ ಬಂದು ಹೋಗುತ್ತದೆ; ನಮ್ಮಂಥ ಬಿಸಿಲಿನ ಸೀಮೆಗಳಲ್ಲಿ ದೊಡ್ಡವರಾಗುವವರೆಗೂ ಬಾರದೆ ಉಳಿದವರು ಹೆಚ್ಚು. ಮಗಳಿಗೆ ಆಗಿತ್ತೇ ಎಂದರೆ ಅಕ್ಕನಿಗೆ ನೆನಪಿಲ್ಲ, ದೊಡ್ಡವನಿಗೆ ಆಗಿತ್ತಂತೆ, ಇವಳಿಗೆ ದಡಾರವೋ ಅಮ್ಮವೋ.

ಡಾಕ್ಟರ ಹತ್ತಿರ ಮಾತಾಡಿದೆ. ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಅವಳು ಗಂಡನ ಮನೆಯಲ್ಲೇ ಇರಲಿ, ಭಾವ ಗಾಯವನ್ನು ಮುಚ್ಚಿಕೊಂಡಿರಲಿ, ಟವೆಲು ಬೇರೆ ಇಡಿ ಎಂದರು. ಭಾವ ಇದನ್ನು ಕೇಳಿ ಸಂಜೆಯವರೆಗೆ ಯಾರ ಜೊತೆಗೂ ಮಾತಾಡಲಿಲ್ಲ.

ಡಿಸೆಂಬರ್ 15, ಭಾನುವಾರ

ಅಂಗಡಿ ಮಧ್ಯಾಹ್ನಕ್ಕೇ ಬಂದ್. ಸರ್ಪಸುತ್ತಿನ ಹಳೆಯ ಕಥೆ ಓದುತ್ತ ಕೂತೆ. 1892ರಲ್ಲೇ ಬುಡಾಪೆಸ್ಟಿನ ಮಕ್ಕಳ ವೈದ್ಯ ಬೋಕೈ ಒಂದು ವಿಚಿತ್ರ ಗಮನಿಸಿದ್ದರು: ಮನೆಯ ಹಿರಿಯರೊಬ್ಬರಿಗೆ ಸರ್ಪಸುತ್ತು ಆದರೆ, ಆಮೇಲೆ ಅದೇ ಮನೆಯ ಮಕ್ಕಳಿಗೆ ಚಿಕನ್ ಪಾಕ್ಸ್. ಎರಡಕ್ಕೂ ನಂಟಿದೆ ಎಂದು ತಿಳಿಯಿತು, ಹೇಗೆ ಎಂದು ತಿಳಿಯಲಿಲ್ಲ.

ಅದನ್ನು ಬಿಡಿಸಿ ಹೇಳಿದವರು ಎಡ್ಗರ್ ಹೋಪ್-ಸಿಂಪ್ಸನ್, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರು. ದೊಡ್ಡ ಪ್ರಯೋಗಾಲಯವಿಲ್ಲ, ಜ್ವರ ಕೆಮ್ಮು ನೋಡುವ ಊರ ವೈದ್ಯರು. 1947ರಿಂದ 1962ರವರೆಗೆ ತನ್ನ ಬಳಿ ಬಂದ ಪ್ರತಿಯೊಂದು ಸರ್ಪಸುತ್ತನ್ನೂ ಬರೆದಿಟ್ಟರು. ಜನ ಕಡಿಮೆಯಿರುವ ಶೆಟ್‌ಲೆಂಡಿನ ಯೆಲ್ ದ್ವೀಪಕ್ಕೂ ಹೋಗಿ ವಿಚಾರಿಸಿದರು. 1965ರಲ್ಲಿ ಪ್ರಕಟಿಸಿದ ಅವರ ಮಾತಿನ ಸಾರ: ಚಿಕನ್ ಪಾಕ್ಸ್ ವಾಸಿಯಾದರೂ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಅವಿತುಕೊಂಡಿರುತ್ತದೆ. ವಯಸ್ಸು ಮೈಯ ಕಾವಲನ್ನು ಸಡಿಲಿಸಿದಾಗ ಒಂದು ನರದ ಗುಂಟ ಇಳಿದು ಚರ್ಮಕ್ಕೆ ಬರುತ್ತದೆ. ಇಳಿಯುವ ದಾರಿಯಲ್ಲಿ ನರವನ್ನೇ ಕೆಡಿಸುವುದರಿಂದ ಗುಳ್ಳೆಗಿಂತ ಮೊದಲು ನೋವು. ಭಾವನ "ಉಳುಕು" ಅದೇ.

ಊಟಕ್ಕೆ ಕೂತಾಗ ಭಾವನಿಗೆ ಹೇಳಿದೆ, ನೀವು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಬಂದದ್ದು ಈಗ ಎದ್ದಿದೆ ಎಂದು. ನಾಗನಿಗೆ ಏನೂ ಅಪಚಾರವಾಗಿಲ್ಲ ಎನ್ನುವುದು ಅದರೊಳಗೇ ಇತ್ತು. "ಹಾಗಾದರೆ ಬನದ ಮರ ಕಡಿಸಿದ್ದಕ್ಕೆ ಅಲ್ಲ?" ಎಂದರು. ಅದು ಮನಸ್ಸಿನಲ್ಲಿತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಡಿಸೆಂಬರ್ 21, ಶನಿವಾರ

ಎಲ್ಲ ಒಣಗಿ ಹಕ್ಕಳೆ ಉದುರುತ್ತಿದೆ. ಭಾವನನ್ನು ಊರಿಗೆ ಬಿಟ್ಟು ಬಂದೆವು. ಅಂಗಳದ ತುಂಬ ಅಡಿಕೆ, ಒಲೆಯ ಮೇಲೆ ಹಂಡೆ, ಸುಲಿಯುವ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದರು. ಭಾವ ಅಂಗಿ ಎತ್ತಿ ಎಲ್ಲರಿಗೂ ತೋರಿಸಿದರು. ಎದೆಮೂಳೆಯ ಹತ್ತಿರ ಬೆರಳಿಟ್ಟು, ಇಲ್ಲಿಂದ ಮುಂದೆ ಅದಕ್ಕೆ ದಾರಿಯೇ ಇಲ್ಲವಂತೆ, ಮೂರು ದಿನದೊಳಗೆ ಮಾತ್ರೆ ನುಂಗಬೇಕಂತೆ ಎಂದು ಒಂದು ಪಾಠವೂ ಆಯಿತು.

ಗೆದ್ದ ಹಾಗೆ ಎಲ್ಲರೂ ನಕ್ಕರು. ಆದರೆ ಅಂಗಿ ಇಳಿಸುವಾಗ ಅವರ ಮುಖ ನೋಡಿದೆ. ಬಟ್ಟೆ ಚರ್ಮಕ್ಕೆ ತಾಗುವ ಆ ಕ್ಷಣಕ್ಕೆ ಹಲ್ಲು ಕಚ್ಚಿದರು.

ಜನವರಿ 14, 2025, ಮಂಗಳವಾರ, ಸಂಕ್ರಾಂತಿ

ಎಳ್ಳು ಬೆಲ್ಲ ಕೊಡಲು ಊರಿಗೆ ಹೋಗಿದ್ದೆವು. ಚರ್ಮದ ಮೇಲೆ ಕಂದು ಕಲೆ ಬಿಟ್ಟರೆ ಏನೂ ಇಲ್ಲ. ನೋವು ಮಾತ್ರ ಜಾಗ ಬಿಟ್ಟಿಲ್ಲ. "ಕುದಿಯೋ ಚೊಗರಿನ ಹಂಡೆ ಅಂಚು ತಾಗಿಸಿ ತೆಗೆದ ಹಾಗೆ" ಎಂದರು ಭಾವ. ಆ ಹಂಡೆಯ ಮುಂದೆ ಐವತ್ತು ವರ್ಷ ನಿಂತವರು, ಅವರ ಲೆಕ್ಕ ತಪ್ಪಿರಲಾರದು. ಬನಿಯನ್ ಬಿಟ್ಟಿದ್ದಾರೆ. ಹಳೆಯ ಮೆತ್ತನೆ ಪಂಚೆಯನ್ನು ಹೆಗಲ ಮೇಲೆ ಹೊದ್ದು ತಿರುಗುತ್ತಾರೆ. ಫ್ಯಾನಿನ ಗಾಳಿ ಸಹ ಆಗುವುದಿಲ್ಲ, ರಾತ್ರಿ ಬಲಮಗ್ಗುಲಿಗೇ ಮಲಗಬೇಕು. ಡಾಕ್ಟರು ರಾತ್ರಿಗೆ ಪ್ರಿಗಾಬಾಲಿನ್ ಬರೆದಿದ್ದಾರೆ. ನೋವು ಅರ್ಧಕ್ಕಿಳಿದಿದೆ, ಬದಲಿಗೆ ತಲೆ ತಿರುಗು. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಅಕ್ಕ ಹಿಂದೆಯೇ ಹೋಗುತ್ತಾರೆ. ಬಿದ್ದು ಸೊಂಟ ಮುರಿದರೆ ಅದೊಂದು.

ಗುಳ್ಳೆ ಇದ್ದಾಗ ದಿನಕ್ಕೆ ಹತ್ತು ಜನ ನೋಡಲು ಬರುತ್ತಿದ್ದರು. ಈಗ ಯಾರೂ ಇಲ್ಲ. "ವಾಸಿಯಾಯ್ತಲ್ಲ, ಇನ್ನೇನು" ಎನ್ನುತ್ತಾರೆ. ಇಡೀ ಊರಿನ ಹೆದರಿಕೆ ಸರ್ಪ ಸುತ್ತು ಹಾಕುವುದರ ಮೇಲಿತ್ತು. ಆಗಲಾರದ್ದಕ್ಕೆ ಹೆದರಿ ಮುಗಿಸಿದರು. ಹೆದರಬೇಕಾದದ್ದು ಇದಕ್ಕೆ, ಇದು ಕಣ್ಣಿಗೆ ಕಾಣುವುದಿಲ್ಲ.

ಜನವರಿ 26, ಭಾನುವಾರ

ಇವರ ಜೊತೆ ಲಸಿಕೆಯ ಮಾತಾಯಿತು. ಇವರಿಗೆ ಅರವತ್ತು, ಸಕ್ಕರೆ ಕಾಯಿಲೆ ಬೇರೆ. ನನಗೆ ಐವತ್ತಾರು. ಇಬ್ಬರಿಗೂ ಚಿಕ್ಕಂದಿನಲ್ಲಿ ಅಮ್ಮ ಆಗಿದೆ, ನನ್ನ ಹಣೆಯ ಮೇಲೆ ಗುಳಿ ಇದೆ. ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸರ್ಪಸುತ್ತು ಬರುತ್ತದೆ. ಬಂದವರಲ್ಲಿ ನೂರಕ್ಕೆ ಹತ್ತರಿಂದ ಹದಿನೆಂಟು ಮಂದಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ವಯಸ್ಸು ಹೆಚ್ಚಿದಷ್ಟೂ ಉಳಿಯುವುದು ಹೆಚ್ಚು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದರೂ ಉಳಿಯಬಹುದು ಎನ್ನುವುದಕ್ಕೆ ಭಾವನೇ ಸಾಕ್ಷಿ. ಅಂದರೆ ಈ ನೋವಿಗೆ ನಿಜವಾದ ತಡೆ ಗುಳ್ಳೆ ಬಂದ ಮೇಲಲ್ಲ, ಬರುವ ಮೊದಲು.

ಲಸಿಕೆಯ ಕಥೆಯೂ ಒಂದು ಮನೆಯಿಂದಲೇ ಶುರು. ಜಪಾನಿನ ಮಿಚಿಯಾಕಿ ತಕಹಾಶಿ 1964ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಗ ಅವರ ಮೂರು ವರ್ಷದ ಮಗನಿಗೆ ಚಿಕನ್ ಪಾಕ್ಸ್ ವಿಪರೀತವಾಯಿತು. ಆ ಸಂಕಟದಿಂದ ಹೊರಟ ಕೆಲಸ 1974ರ ಹೊತ್ತಿಗೆ ಚಿಕನ್ ಪಾಕ್ಸ್ ಲಸಿಕೆಯಾಯಿತು, ಬಲ ಕುಂದಿಸಿದ ಜೀವಂತ ವೈರಸ್. ಅದನ್ನೇ ಹಲವು ಪಟ್ಟು ಗಟ್ಟಿ ಮಾಡಿ ಹಿರಿಯರ ಸರ್ಪಸುತ್ತಿಗೆ ಕೊಟ್ಟದ್ದು ಝೋಸ್ಟಾವ್ಯಾಕ್ಸ್, ಅಮೆರಿಕದಲ್ಲಿ 2006ರಿಂದ. ಅರವತ್ತು ದಾಟಿದ 38 ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ ಕಾಯಿಲೆ ಅರ್ಧದಷ್ಟು ಕಡಿಮೆಯಾಗಿತ್ತು. ಈಗಿನದು ಶಿಂಗ್ರಿಕ್ಸ್, ಅಲ್ಲಿ 2017ರಿಂದ, ನಮ್ಮ ದೇಶದಲ್ಲಿ 2023ರಿಂದ. ಇದರಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನು, ಜೊತೆಗೆ ಮೈಯ ಕಾವಲನ್ನು ಚುರುಕುಗೊಳಿಸುವ ಸಹಾಯಕ ದ್ರವ್ಯ. ಐವತ್ತು ದಾಟಿದವರಲ್ಲಿ ನಡೆದ ಪರೀಕ್ಷೆಯಲ್ಲಿ ನೂರಕ್ಕೆ 97ರಷ್ಟು ತಡೆದಿತ್ತು, ಎಪ್ಪತ್ತು ದಾಟಿದವರಲ್ಲೂ ತೊಂಬತ್ತರ ಆಸುಪಾಸು. ಹನ್ನೊಂದನೆಯ ವರ್ಷದಲ್ಲೂ ಬಲ ನೂರಕ್ಕೆ ಎಂಬತ್ತರ ಮೇಲಿದೆ.

ಬೆಲೆಗೆ ಬಂದಾಗ ಇವರು ಸುಮ್ಮನಾದರು. ಒಂದು ಡೋಸಿಗೆ ಹತ್ತು ಸಾವಿರದ ಮೇಲೆ, ಒಬ್ಬರಿಗೆ ಎರಡು ಡೋಸು. ಕೆಂಪಡಿಕೆ ಕ್ವಿಂಟಾಲಿಗೆ ಅರ್ಧ ಲಕ್ಷದ ಆಚೀಚೆ ಇದೆ. ಗಂಡ ಹೆಂಡತಿಯ ಲಸಿಕೆಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಅಡಿಕೆ. ಹಾಕಿಸಿಕೊಳ್ಳೋಣ ಎಂದೆ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಇದು ಇಲ್ಲ. ತೋಟವೂ ಇಲ್ಲದ, ಡಬ್ಬಿ ಲೆಕ್ಕದಲ್ಲಿ ಸುಲಿದು ಕೂಲಿ ತೆಗೆದುಕೊಳ್ಳುವವರ ಮುಂದೆ ಈ ಬೆಲೆ ಹೇಳುವುದಕ್ಕೇ ನಾಲಿಗೆ ಏಳುವುದಿಲ್ಲ.

ಫೆಬ್ರವರಿ 12, ಬುಧವಾರ

ಶಿವಮೊಗ್ಗದ ಸ್ಟಾಕಿಸ್ಟ್ ಥರ್ಮೋಕೋಲ್ ಪೆಟ್ಟಿಯಲ್ಲಿ ಐಸ್ ಪ್ಯಾಕ್ ಇಟ್ಟು ಕಳಿಸಿದರು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂಬಾರದು, ಹೆಪ್ಪುಗಟ್ಟಿದರೆ ಎಸೆಯಬೇಕು.

ಕ್ಲಿನಿಕ್ಕಿನಲ್ಲಿ ನರ್ಸ್ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ಒಂದು ಡೋಸಿಗೆ ಎರಡು ಪುಟ್ಟ ಶೀಷೆ. ಒಂದರ ತಳದಲ್ಲಿ ಬಿಳಿ ಪುಡಿ, ವೈರಸ್ಸಿನ ಆ ಪ್ರೋಟೀನು, ಐವತ್ತು ಮೈಕ್ರೋಗ್ರಾಂ. ಇನ್ನೊಂದರಲ್ಲಿ ಸ್ವಲ್ಪ ಮಬ್ಬಾದ ದ್ರವ, ಬೆಳಕಿಗೆ ಹಿಡಿದರೆ ತಿಳಿ ಕಂದು ಛಾಯೆ. ಸಹಾಯಕ ದ್ರವ್ಯ ಅದೇ. ಅದರಲ್ಲಿ ಚಿಲಿ ದೇಶದ ಕ್ವಿಲ್ಲಾಯ ಎಂಬ ಮರದ ತೊಗಟೆಯಿಂದ ತೆಗೆದದ್ದೂ ಸೇರಿದೆ. ಅಲ್ಲಿಯವರು ಆ ತೊಗಟೆಯನ್ನು ಸೋಪಿನ ಹಾಗೆ ಬಳಸುತ್ತಿದ್ದರಂತೆ. ದ್ರವವನ್ನು ಸಿರಿಂಜಿಗೆ ಎಳೆದು ಪುಡಿಗೆ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ ಪೂರ್ತಿ ಕರಗುವವರೆಗೆ ಕಾದು, ಅರ್ಧ ಮಿಲಿಲೀಟರು ತೋಳಿನ ಸ್ನಾಯುವಿಗೆ ಕೊಟ್ಟರು. ಬೆರೆಸಿದ ಮೇಲೆ ಇಡುವ ಹಾಗಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಆರು ಗಂಟೆ ಅಷ್ಟೇ.

ಎರಡನೆಯದು ಎರಡರಿಂದ ಆರು ತಿಂಗಳೊಳಗೆ.

ಫೆಬ್ರವರಿ 13, ಗುರುವಾರ

ತೋಳು ಎತ್ತಲಾಗುತ್ತಿಲ್ಲ. ಮೈಕೈ ನೋವು, ಸಂಜೆಗೆ ಚಳಿ, ನೂರರ ಮೇಲೆ ಜ್ವರ. ಇವರು ಮಾತ್ರ ಏನೂ ಆಗದವರ ಹಾಗೆ ಕೌಂಟರಿನಲ್ಲಿ ನಿಂತಿದ್ದರು. ಹೆಚ್ಚಿನವರಿಗೆ ತೋಳು ನೋಯುವುದುಂಟು, ಎರಡು ಮೂರು ದಿನದಲ್ಲಿ ಹೋಗುತ್ತದೆ. ತೀರ ಅಪರೂಪಕ್ಕೆ ಗಿಲ್ಲನ್-ಬಾರೆ ಎಂಬ ನರದ ತೊಂದರೆ ಕಂಡಿದೆ ಎಂದು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಸೇರಿಸಿದ್ದಾರೆ. ಕೇಳಿದವರಿಗೆ ಅದನ್ನೂ ಹೇಳಬೇಕು. ಮುಚ್ಚಿಟ್ಟು ಕೊಟ್ಟ ಔಷಧಿಯನ್ನು ಜನ ಎರಡನೇ ಸಲ ನಂಬುವುದಿಲ್ಲ.

ಮಾರ್ಚ್ 10, ಸೋಮವಾರ

ಭಾವನನ್ನು ಮತ್ತೆ ಡಾಕ್ಟರಿಗೆ ತೋರಿಸಿದೆವು. ಗುಳ್ಳೆ ಎದ್ದು ತೊಂಬತ್ತು ದಿನ ದಾಟಿತು, ಇನ್ನು ಇದಕ್ಕೆ ಬೇರೆ ಹೆಸರು. ಚೀಟಿಯಲ್ಲಿ "ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯ" ಎಂದು ಬರೆದರು. ಪ್ರಿಗಾಬಾಲಿನ್ ಜೊತೆ ನೋವಿನ ಜಾಗಕ್ಕೆ ಅಂಟಿಸುವ ಲಿಡೋಕೇನ್ ಪಟ್ಟಿ. ದಿನದಲ್ಲಿ ಹನ್ನೆರಡು ಗಂಟೆ ಅಂಟಿಸಬಹುದು, ಉಳಿದ ಹನ್ನೆರಡು ಗಂಟೆ ಚರ್ಮಕ್ಕೆ ಬಿಡುವು.

"ನೀನು ಹಾಕಿಸಿಕೊಂಡೆಯಲ್ಲ, ಆ ಚುಚ್ಚುಮದ್ದು ನನಗೂ ಹಾಕಿಸಿಬಿಡಿ, ಇದು ಹೋಗುತ್ತೋ ನೋಡೋಣ" ಎಂದರು ಭಾವ. ಡಾಕ್ಟರು ಬಿಡಿಸಿ ಹೇಳಿದರು: ಒಮ್ಮೆ ಬಂದವರಿಗೆ ಮತ್ತೆ ಬರಬಹುದು, ಆದ್ದರಿಂದ ಪೂರ್ತಿ ಸುಧಾರಿಸಿದ ಮೇಲೆ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿದೆ, ಈಗಿರುವ ನೋವಿಗೆ ಅದು ಔಷಧಿಯಲ್ಲ. ಭಾವ ತಲೆ ಆಡಿಸಿದರು. ಹೊರಗೆ ಬಂದು ಅಕ್ಕನ ಕಡೆ ಕೈ ತೋರಿಸಿ, "ಮೊದಲು ಇವಳಿಗೆ ಹಾಕಿಸು. ಇವಳು ಮಲಗಿದರೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗೋರು ಯಾರು?" ಎಂದರು. ಅಕ್ಕ ನಗಲಿಲ್ಲ. ಆದರೆ ಮುಂದಿನ ವಾರ ಬರುತ್ತೇನೆ ಎಂದಿದ್ದಾರೆ.

ಏಪ್ರಿಲ್ 6, ಭಾನುವಾರ

ಈ ವಾರದ ದೊಡ್ಡ ಸುದ್ದಿ ವೇಲ್ಸ್‌ನದು, 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ಅಲ್ಲಿ 2013ರ ಸೆಪ್ಟೆಂಬರ್ 1ರಂದು ಹಳೆಯ ಸರ್ಪಸುತ್ತಿನ ಲಸಿಕೆ ಶುರು ಮಾಡುವಾಗ ಸರ್ಕಾರ ಒಂದು ಗೆರೆ ಎಳೆಯಿತು: 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಅವಕಾಶ, ಅದಕ್ಕೂ ಮೊದಲಿನವರಿಗೆ ಎಂದೂ ಇಲ್ಲ. ಒಂದು ವಾರ ಹಿಂದೆ ಮುಂದೆ ಹುಟ್ಟಿದವರಲ್ಲಿ ಬೇರೇನು ವ್ಯತ್ಯಾಸ ಇರಲು ಸಾಧ್ಯ? ಏಳು ವರ್ಷದ ದಾಖಲೆ ನೋಡಿದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಮರೆಗುಳಿ ಕಾಯಿಲೆ ಸುಮಾರು ಐದನೇ ಒಂದು ಭಾಗ ಕಡಿಮೆ, ಹೆಂಗಸರಲ್ಲಿ ಇನ್ನೂ ಹೆಚ್ಚು ಪ್ರಯೋಜನ. ಲಸಿಕೆ ಮಿದುಳಿಗೆ ಏನು ಮಾಡುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮರೆವಿಗೆ ಲಸಿಕೆ ಬಂತಂತೆ ಎಂದು ನಾಳೆ ಯಾರಾದರೂ ಅಂಗಡಿಗೆ ಬಂದರೆ ಹಾಗಲ್ಲ ಎಂದು ಹೇಳಬೇಕಾಗುತ್ತದೆ.

ಭಾವನಿಗೆ ಹೇಳಿದರೆ, "ಈ ನೋವು ಮರೆಯೋದಕ್ಕೆ ಏನಾದರೂ ಕಂಡುಹಿಡಿದರೆ ಹೇಳು" ಎಂದರು.

ಏಪ್ರಿಲ್ 22, ಮಂಗಳವಾರ

ಹನ್ನೊಂದು ಗಂಟೆಗೆ ಭಾವನ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬಳು ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಹಣೆಯ ಬಲಗಡೆ ಕೆಂಪು, ಹುಬ್ಬಿನ ಮೇಲೆ ನಾಲ್ಕಾರು ಗುಳ್ಳೆ. "ನಿನ್ನೆ ರಾತ್ರಿ ಎದ್ದಿದ್ದು ಅಮ್ಮಾ. ಅಯ್ಯೋರಿಗೆ ಆದ ಹಾಗೇ ಒಂದೇ ಕಡೆ ಉರಿ. ಮೂರು ದಿನದೊಳಗೆ ಅಂದಿದ್ರಲ್ಲ" ಎಂದಳು.

ಬೆಳಕಿಗೆ ನಿಲ್ಲಿಸಿ ಮೂಗಿನ ತುದಿ ನೋಡಿದೆ. ಅಲ್ಲಿ ಗುಳ್ಳೆಯಿದ್ದರೆ ಅದೇ ನರದ ಕವಲು ಕಣ್ಣಿಗೂ ಹೋಗುವುದರಿಂದ ಕಣ್ಣಿಗೆ ಅಪಾಯ ಹೆಚ್ಚು. ಇರಲಿಲ್ಲ. ಆದರೂ ಹಣೆಯ ಸರ್ಪಸುತ್ತಿನಲ್ಲಿ ಕಣ್ಣು ತೋರಿಸದೆ ಬಿಡುವ ಹಾಗಿಲ್ಲ. ಇವರೇ ಸ್ಕೂಟರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಬಿಟ್ಟು ಬಂದರು. ಮಧ್ಯಾಹ್ನದ ಹೊತ್ತಿಗೆ ಎಸೈಕ್ಲೋವಿರ್ ಚೀಟಿ, ಕಣ್ಣಿನ ಡಾಕ್ಟರು ನೋಡಿ ಸದ್ಯಕ್ಕೆ ತೊಂದರೆಯಿಲ್ಲ, ನಾಡಿದ್ದು ಮತ್ತೆ ಬಾ ಎಂದ ಸುದ್ದಿ. ಐದು ಹೊತ್ತಿನ ಮಾತ್ರೆಗೆ ಐದು ಚುಕ್ಕಿ ಹಾಕಿ ಕೊಟ್ಟೆ. ಕೆಂಪು ಮಣ್ಣು ಹಚ್ಚಬಹುದಾ ಎಂದು ಕೇಳಿದಳು. ಕಣ್ಣಿನ ಹತ್ತಿರ ಏನೂ ಬೇಡ ಎಂದೆ.

ಅಂಗಡಿ ಮುಂದೆ ಒಂದು ಬೋರ್ಡು ಬರೆಸೋಣ ಎಂದು ಇವರು ಆವಾಗಿನಿಂದ ಹೇಳುತ್ತಿದ್ದಾರೆ. ಅವಳನ್ನು ಕಳಿಸಿದ್ದು ಬೋರ್ಡಲ್ಲ, ಡಿಸೆಂಬರಿನಲ್ಲಿ ಅಂಗಳದಲ್ಲಿ ಅಂಗಿ ಎತ್ತಿದ ಭಾವ. ಆದರೂ ಬರೆಸುತ್ತೇನೆ. ಲಸಿಕೆಯ ಮಾತು ಕೌಂಟರಿನಲ್ಲಿ ಕೂತು ಒಬ್ಬೊಬ್ಬರಿಗೇ ಹೇಳಬೇಕಾದದ್ದು, ಅವರ ವಯಸ್ಸು, ಕಾಯಿಲೆ, ಕೈಯಲ್ಲಿರುವ ದುಡ್ಡು ನೋಡಿಕೊಂಡು. ಬೋರ್ಡಿನಲ್ಲಿ ಎಲ್ಲರ ಕೈಗೂ ಎಟುಕುವುದಷ್ಟೇ ಇರಲಿ: ಮೈಯ ಒಂದೇ ಬದಿಗೆ ಉರಿ, ಅದರ ಮೇಲೆ ಗುಳ್ಳೆ ಕಂಡರೆ ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ. ಹಣೆ, ಮೂಗು, ಕಣ್ಣಿನ ಬಳಿಯಾದರೆ ಇವತ್ತೇ.